ಹಾಲಿನ ಕ್ಯಾನಿನ ಸಹ್ತಿ

ಸೈಮಿ ತೀರಿಹೋದಳೆಂದು ಆಸ್ಪತ್ರೆಯಿಂದ ಫೋನು ಬಂದದ್ದು ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ. ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಬೆಳಗಿನ ಐದು ಗಂಟೆಗೆ, ನಿದ್ದೆಯಲ್ಲೇ, ಎಂದಳು ದಾದಿ. ಎಳೆಯ ದನಿ. ಉಪಕಾರವಾಯಿತು ಎಂದು ನಾನು ಫೋನು ಇಟ್ಟೆ. ಬಂದು ಉಳಿದ ಆಲೂಗಡ್ಡೆಗಳನ್ನೂ ಸುಲಿದು, ನೀರು ಹಾಕಿ, ಒಲೆಯ ಮೇಲಿಟ್ಟೆ. ಐವತ್ತೊಂದು ವರ್ಷ ಜೊತೆಗಿದ್ದ ಹೆಂಡತಿ ಹೋದ ಸುದ್ದಿ ಕೇಳಿದವನು ಹೀಗೆ ಮಾಡಬಹುದೇ ಎಂದು ಯಾರಾದರೂ ಕೇಳಬಹುದು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ನಾನು ಅದರ ಪಕ್ಕದಲ್ಲಿ ನಿಂತಿದ್ದೆ.

ಆಮೇಲೆ ಬಾವುಟ ತೆಗೆದುಕೊಂಡು ಅಂಗಳಕ್ಕೆ ಹೋದೆ. ಮನೆಯಲ್ಲಿ ಸಾವಾದ ದಿನ ಬಾವುಟವನ್ನು ಮೊದಲು ಕಂಬದ ತುದಿಯವರೆಗೆ ಏರಿಸಿ, ಅಲ್ಲಿಂದ ಅರ್ಧಕ್ಕೆ ಇಳಿಸಬೇಕು. ನಾನು ನೇರವಾಗಿ ಅರ್ಧಕ್ಕೇ ಏರಿಸಿ ಹಗ್ಗ ಕಟ್ಟಿಬಿಟ್ಟೆ. ಬಾಗಿಲವರೆಗೆ ಬಂದ ಮೇಲೆ ತಪ್ಪು ಹೊಳೆಯಿತು. ಹಿಂದಿರುಗಿ ಹಗ್ಗ ಬಿಚ್ಚಿ, ತುದಿಗೆ ಏರಿಸಿ, ಮತ್ತೆ ಇಳಿಸಿದೆ. ಗಾಳಿ ಇರಲಿಲ್ಲ. ಬಟ್ಟೆ ಕಂಬಕ್ಕೆ ಅಂಟಿಕೊಂಡು ನೇತಾಡಿತು.

ಕೆರೆಯ ಕೊಲ್ಲಿಯ ಆಚೆ ದಡದಲ್ಲಿ ಎಲ್ಜಾಸನ ಮನೆ. ನನ್ನ ಓರಗೆಯವನು, ಮದುವೆಯಾಗದವನು. ಅವನ ಅಡುಗೆಮನೆಯ ಕಿಟಕಿಗೆ ನಮ್ಮ ಕಂಬ ಕಾಣುತ್ತದೆ. ಅರ್ಧ ಗಂಟೆಯೊಳಗೆ ಹೊಲದ ಬದುವಿನ ಮೇಲೆ ನಡೆದು ಬಂದ. ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತ.

"ಸೈಮಿನಾ?" ಅಂದ.

"ಸೈಮಿ," ಅಂದೆ.

ಅವನು ಮೂಗೆಳೆದ.

"ಆಲೂಗಡ್ಡೆ ತಳ ಹಿಡೀತಿದೆ ಕಣೋ."

ಎದ್ದು ಪಾತ್ರೆ ಇಳಿಸಿದೆ. ಅವನು ಟೋಪಿಯನ್ನು ತಿರುಗಿಸುತ್ತ, ಕೇಳಲೋ ಬೇಡವೋ ಎಂದು ತೂಗಿ, ಕಡೆಗೆ ಕೇಳಿದ.

"ಸಹ್ತಿ ಯಾರು ಮಾಡ್ತಾರೆ ಈಗ?"

ಇನ್ನೊಂದು ಊರಿನವರಿಗೆ ಈ ಮಾತು ಒರಟೆನಿಸಬಹುದು. ನಮಗೆ ಹಾಗಲ್ಲ. ಸಹ್ತಿ ನಮ್ಮ ಸೀಮೆಯ ಮನೆಬಿಯರು. ಅದಿಲ್ಲದೆ ಮದುವೆಯಿಲ್ಲ, ಅದಿಲ್ಲದೆ ಮಣ್ಣಿನ ಊಟವಿಲ್ಲ. ನಮ್ಮ ಹಳ್ಳಿಯಲ್ಲಿ ಹಾಸಿಗೆ ಹಿಡಿಯುವವರೆಗೂ ಅದನ್ನು ಮಾಡುತ್ತಿದ್ದವಳು ಸೈಮಿ ಒಬ್ಬಳೇ. ಯಾರ ಮನೆಯ ಬಾವುಟ ಅರ್ಧಕ್ಕೆ ಇಳಿದರೂ ಅವಳು ಮರುದಿನವೇ ಮಾಲ್ಟಿನ, ಮೊಳೆಸಿ ಒಣಗಿಸಿದ ಬಾರ್ಲಿಯ, ಮೂಟೆ ಹೊರಗೆಳೆಯುತ್ತಿದ್ದಳು, ಯಾರೂ ಬಂದು ಕೇಳುವ ಮೊದಲೇ. ಎಲ್ಜಾಸನ ತಾಯಿಯನ್ನು ಮಣ್ಣುಮಾಡಿದ ದಿನ ಕುಡಿದದ್ದೂ ಅವಳು ಮಾಡಿದ್ದನ್ನೇ. ಈಗ ಅವಳಿಗೇ ಇಲ್ಲವೆಂದರೆ ಹೇಗೆ ಎಂಬುದು ಅವನ ಪ್ರಶ್ನೆ.

"ನಾನೇ ಮಾಡ್ತೀನಿ," ಅಂದೆ.

"ನೀನಾ? ನೀನು ಕಾಫಿ ಮಾಡಿದ್ರೇ ನೀರು ಸೀದಿರತ್ತೆ."

"ನಾನೇ ಮಾಡ್ತೀನಿ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ನಾನು ಹುಟ್ಟಿದಾಗಿನಿಂದ ಹಾಲಿನವನು. ಹಸು ಗೊತ್ತು, ಹುಲ್ಲು ಗೊತ್ತು. ನಮ್ಮ ಚರ್ಚಿನ ಹಿರಿಯರಲ್ಲಿ ಒಬ್ಬನಾಗಿ ಮೂವತ್ತು ವರ್ಷ ಉಪದೇಶ ಓದಿದ್ದೇನೆ. ಸಹ್ತಿಯನ್ನು ಮಾತ್ರ ಮಾಡುವುದಿರಲಿ, ಮಾಡುವಾಗ ಬಳಿ ನಿಂತು ನೋಡಿದವನೂ ಅಲ್ಲ.

ಪಾದ್ರಿಗಳು ಮಣ್ಣಿಗೆ ಅಲ್ಲಿಂದ ಮೂರನೆಯ ಶನಿವಾರವನ್ನು ಗೊತ್ತುಮಾಡಿದರು. ಹದಿನೆಂಟು ದಿನ ಇತ್ತು; ನಮ್ಮಲ್ಲಿ ಅಷ್ಟು ಕಾಯುವುದು ವಾಡಿಕೆ.

ಸೈಮಿಯ ತಂಗಿ ಮಾರ್ತಾ ಮರುದಿನ ಬಂದಳು. ಕರಿಯ ಸ್ಕರ್ಟು, ಕೈಯಲ್ಲಿ ಬೇಯಿಸಿದ ಕ್ಯಾರೆಟ್ಟಿನ ತಟ್ಟೆ. ನನ್ನ ಮುಖವನ್ನೊಮ್ಮೆ ನೋಡಿದಳು, ಅಳಲಿಲ್ಲ, ನೇರ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಅವಳ ಭುಜ ಅಲುಗುತ್ತಿದ್ದುದು ಹಿಂದಿನಿಂದ ಕಾಣುತ್ತಿತ್ತು. ನನಗೂ ಹಾಗೆ ಆಗಬೇಕಿತ್ತು. ಆಗಲಿಲ್ಲ. ಒಳಗೆ ಏನೋ ಹೆಪ್ಪುಗಟ್ಟಿದಂತಿತ್ತು, ನೋವೂ ಇಲ್ಲದ ಹಾಗೆ.

ಸಹ್ತಿಯ ವಿಷಯ ಹೇಳಿದೆ.

"ಮಾಲ್ಟು ಕಲಸೋದು, ಬಿಸಿನೀರು ಹಾಕೋದು, ಸೋಸೋದು, ಇವಿಷ್ಟೂ ನಂಗೆ ಬರತ್ತೆ ಭಾವ," ಅಂದಳು. "ಅಕ್ಕನ ಜೊತೆ ಎಷ್ಟು ಸಲ ಮಾಡಿಲ್ಲ. ಆದ್ರೆ ಹುದುಗು ಹಾಕೋ ಹೊತ್ತಿಗೆ ಎಲ್ಲರನ್ನೂ ಆಚೆ ಕಳಿಸಿಬಿಡ್ತಿದ್ಲು. ಅಲ್ಲಿಂದ ಮುಂದೆ ಅವಳದೇ. ಯಾವುದರಲ್ಲಿ ಹಾಕೋದು, ಎಷ್ಟು ದಿನ ಇಡೋದು, ಅದೆಲ್ಲ ಈಗ ನೀವೇ ನೋಡ್ಕೋಬೇಕು."

"ಅವಳು ಮರದ ಪೀಪಾಯಿಲಿ ಹಾಕ್ತಿದ್ಲಲ್ಲ."

"ಅದೇ. ಅದು ಎಲ್ಲಿದೆಯೋ, ಹೇಗಿದೆಯೋ."

ನೆಲಮಾಳಿಗೆಯಲ್ಲಿತ್ತು. ಸೈಮಿ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತಲ್ಲ, ಅಷ್ಟು ದಿನವೂ ಒಣಗಿ ನಿಂತಿತ್ತು. ನಾನು ಅಂಚು ಹಿಡಿದು ಎತ್ತಿದೆ. ಕೆಳಗಿನ ಕಬ್ಬಿಣದ ಪಟ್ಟಿ ಜಾರಿ ನೆಲಕ್ಕೆ ಬಿತ್ತು, ಅದರ ಹಿಂದೆ ಮೂರು ಹಲಗೆ ಒಂದೊಂದಾಗಿ ವಾಲಿ ಮಲಗಿದವು. ಮಾರ್ತಾ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು.

"ಅಯ್ಯೋ ದೇವರೇ," ಅಂದಳು ಮೆಲ್ಲಗೆ.

ಎಲ್ಜಾಸ ಬಂದು ಹಲಗೆಗಳನ್ನು ಜೋಡಿಸಿ ಪಟ್ಟಿ ಬಡಿದ. ಇಬ್ಬರೂ ಸೇರಿ ಅದನ್ನು ತಳ್ಳುಗಾಡಿಯಲ್ಲಿ ಕೆರೆಯ ದಡಕ್ಕೆ ಒಯ್ದು, ಒಳಗೆ ಕಲ್ಲು ತುಂಬಿ, ಸೊಂಟದ ಮಟ್ಟದ ನೀರಿನಲ್ಲಿ ಮುಳುಗಿಸಿದೆವು. ಮರ ನೀರು ಕುಡಿದು ಹಿಗ್ಗಿದರೆ ಸಂದು ಮುಚ್ಚುತ್ತದೆ. ಆರು ದಿನ ಬೇಕು ಎಂದ ಎಲ್ಜಾಸ. ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು. ಅವನು ಹಲ್ಲು ಕಟಕಟಿಸುತ್ತ ಬೈದುಕೊಂಡ. ನನಗೆ ಚಳಿ ಆಗುತ್ತಿದೆಯೆಂದು ಗೊತ್ತಾಗುತ್ತಿತ್ತು, ಅಷ್ಟೆ.

ಭಾನುವಾರ ಮಧ್ಯಾಹ್ನ ಮಗಳು ಸಿರ್ಕ ಬಂದಳು. ಅವಳು ಚರ್ಚಿನ ಬಳಿಯ ಸಹಕಾರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಕಾರಿನ ಹಿಂದಿನಿಂದ ದೊಡ್ಡದೊಂದು ಬಿಳಿಯ ಪ್ಲಾಸ್ಟಿಕ್ ಬಕೆಟ್ಟು ಇಳಿಸಿದಳು. ಮುಚ್ಚಳದಲ್ಲಿ ಸಣ್ಣ ತೂತು, ಅದಕ್ಕೆ ಸಿಕ್ಕಿಸಲು ನೀರು ತುಂಬುವ ಒಂದು ಸೊಟ್ಟ ಗಾಜಿನ ಕೊಳವೆ.

"ಎಲ್ರೂ ಮನೇಲಿ ವೈನು ಮಾಡೋದು ಇದರಲ್ಲೇ ಅಪ್ಪ. ಗಾಳಿ ಆಚೆ ಹೋಗತ್ತೆ, ಒಳಗೆ ಬರಲ್ಲ. ಕೆಡೋದೇ ಇಲ್ಲ."

ಎಲ್ಜಾಸ ಬಕೆಟ್ಟನ್ನು ಬೆರಳಿನಿಂದ ತಟ್ಟಿ ನೋಡಿದ. "ನಮ್ಮಮ್ಮ ನೆಲ ಒರೆಸ್ತಿದ್ದಿದ್ದು ಇಂಥದ್ರಲ್ಲೇ," ಅಂದ.

"ನಿಮ್ಮಮ್ಮನ ಕಾಲದಲ್ಲಿ ಪ್ಲಾಸ್ಟಿಕ್ ಎಲ್ಲಿತ್ತು ಎಲ್ಜಾಸ್ ಮಾಮ?"

"ಬಣ್ಣ ಹೇಳಿದ್ದು ಕಣಮ್ಮ ನಾನು."

ಮಾರ್ತಾ ಕಾಫಿ ಬಗ್ಗಿಸುತ್ತ, ಸೈಮಿಯ ಸಹ್ತಿ ಮರ ಬಿಟ್ಟು ಬೇರೆಯದನ್ನು ಕಂಡಿಲ್ಲ, ಊರಿನವರು ಮೊದಲ ಗುಟುಕಿಗೇ ಕಂಡುಹಿಡಿಯುತ್ತಾರೆ ಎಂದಳು. ಒಣಗಿ ಬಿದ್ದ ಮರದಲ್ಲಿ ಎರಡು ವರ್ಷದ ಬೂಷ್ಟು ಕೂತಿದೆ, ಹುಳಿಯಾದರೆ ಜನ ಏನನ್ನುತ್ತಾರೆ ಎಂದಳು ಸಿರ್ಕ. ಇಬ್ಬರ ದನಿಯೂ ಸ್ವಲ್ಪ ಏರಿತು. ಅವರು ಪೀಪಾಯಿಗಾಗಿ ಜಗಳವಾಡುತ್ತಿರಲಿಲ್ಲ. ಅದು ನನಗೆ ಕಾಣುತ್ತಿತ್ತು. ಶವಪೆಟ್ಟಿಗೆ, ಹೂವು, ಹಾಡುಗಳ ಪಟ್ಟಿ, ಎಲ್ಲವನ್ನೂ ನಾನು ಹೂಂ ಎಂದು ಒಪ್ಪಿಕೊಂಡು ಮುಗಿಸಿದ್ದೆ. ಇದೊಂದರಲ್ಲಿ ಮಾತ್ರ ಹೂಂ ಬರುತ್ತಿರಲಿಲ್ಲ.

"ನಿಮ್ಮಿಬ್ಬರ ಗಲಾಟೆ ಸಾಕು," ಅಂದ ಎಲ್ಜಾಸ. "ಕೊಟ್ಟಿಗೆ ಗೋಡೆಗೆ ಹಾಲಿನ ಕ್ಯಾನು ಸಾಲಾಗಿ ನಿಂತಿದ್ಯಲ್ಲ. ನಲವತ್ತು ಲೀಟರಿನವು. ಅಲ್ಯೂಮಿನಿಯಂ. ತೂಕ ಇಲ್ಲ, ತೊಳೆಯೋದು ಸುಲಭ, ಮರ ಅಲ್ಲ, ಬಕೆಟ್ಟೂ ಅಲ್ಲ. ಆಚೆ ಊರಲ್ಲೆಲ್ಲ ಅದರಲ್ಲೇ ಮಾಡ್ತಾರೆ."

"ಹಾಲಿನ ಕ್ಯಾನಿಗೆ ಹುದುಗು ಹಾಕೋ ಹಾಗಿಲ್ಲ," ಅಂದೆ.

ಮೂವರೂ ನನ್ನತ್ತ ತಿರುಗಿದರು. ಆ ದಿನ ನಾನಾಡಿದ ಮೊದಲ ಗಟ್ಟಿ ಮಾತು ಅದು.

"ಯಾಕಪ್ಪ?" ಸಿರ್ಕ ಕೇಳಿದಳು. "ಹಸು ಮಾರಿ ಒಂಬತ್ತು ವರ್ಷ ಆಯ್ತಲ್ಲ."

ಎದ್ದು ಹೊರಗೆ ಹೋದೆ.

ಕೊಟ್ಟಿಗೆಯ ಗೋಡೆಗೆ ಕ್ಯಾನುಗಳು ತಲೆಕೆಳಗಾಗಿ ನಿಂತಿದ್ದವು. ಏಳು. ಒಂದರ ಮೇಲೆ ಪಾಚಿ. ನಾನು ಅವುಗಳ ಮುಂದೆ ಮರದ ದಿಮ್ಮಿಯ ಮೇಲೆ ಕುಳಿತೆ. ಅಲ್ಲಿ ನೆನಪಾದದ್ದನ್ನು ಇಲ್ಲಿ ಇದ್ದಂತೆಯೇ ಬರೆಯುತ್ತೇನೆ.

ಸಿರ್ಕ ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ಬೇಸಿಗೆಯಲ್ಲಿ ಡೈರಿಯವರು ನಮ್ಮ ಎರಡು ಕ್ಯಾನುಗಳನ್ನು ಹಿಂದಕ್ಕೆ ಕಳಿಸಿದರು. ಹಾಲಿನಲ್ಲಿ ಹುಳಿವಾಸನೆ ಇದೆ, ಎರಡನೆಯ ದರ್ಜೆ, ಎಂಬ ಚೀಟಿ ಕಟ್ಟಿತ್ತು. ಹಾಗೆ ಚೀಟಿ ಬಂದದ್ದು ನಮ್ಮ ಮನೆಗೆ ಅದೇ ಮೊದಲು. ಲಾರಿಗೆ ಕ್ಯಾನು ಇಡುವ ಹಾಲಿನ ಕಟ್ಟೆಯ ಬಳಿ ನಿಂತ ಎಲ್ಲರೂ ಅದನ್ನು ನೋಡಿದರು. ಆ ವಾರ ಸೈಮಿ ಒಂದು ಮದುವೆಗೆ ಸಹ್ತಿ ಮಾಡಿದ್ದಳು. ಹುದುಗಿನ ಕೈಯಲ್ಲಿ ಹಾಲು ಕರೆದದ್ದರಿಂದಲೇ ಹೀಗಾಯಿತೆಂದು ನಾನು ತೀರ್ಮಾನಿಸಿದೆ. ನಿಜವೋ ಸುಳ್ಳೋ ಇಂದಿಗೂ ತಿಳಿಯದು. ಸೆಕೆಯ ದಿನಗಳು, ಬೇರೆ ಮನೆಗಳಿಗೂ ಚೀಟಿ ಹೋಗಿತ್ತಂತೆ. ಅಂದಿನಿಂದ ಒಂದು ಕಟ್ಟಳೆ ಮಾಡಿದೆ. ಸಹ್ತಿಯ ಯಾವ ಪಾತ್ರೆಯೂ ಕೊಟ್ಟಿಗೆಯ ಬಾಗಿಲು ದಾಟಬಾರದು. ಸಹ್ತಿ ಮಾಡಿದ ದಿನ ಅವಳು ಏಪ್ರನ್ ಬದಲಿಸಿ, ಮೊಣಕೈವರೆಗೆ ತೊಳೆದುಕೊಂಡು ಒಳಗೆ ಬರಬೇಕು. ಅವಳು ಸರಿ ಅಂದಳು.

ಅದಾದ ಕೆಲವು ವರ್ಷಕ್ಕೆ ಅವಳ ಬೆನ್ನು ಕೆಟ್ಟಿತು. ಮರದ ಪೀಪಾಯಿಯನ್ನು ತೊಳೆಯಲು ಹೊರಳಿಸುವುದೂ ಕಷ್ಟವಾಯಿತು. ಒಂದು ದಿನ ಹಾಲು ಕರೆದು ಮುಗಿದ ಮೇಲೆ ಕೇಳಿದಳು. "ಆ ಹಳೇ ಕ್ಯಾನು ಒಂದು ಕೊಡ್ತೀರಾ ನನಗೆ? ಹಿಡಿ ಇದೆ, ಹಗುರ ಇದೆ. ಮತ್ತೆ ಹಾಲಿಗೆ ಮುಟ್ಟಿಸಲ್ಲ." ನಾನು ಹಸುವಿನ ಬೆನ್ನಿನಾಚೆಯಿಂದಲೇ, ಅವಳ ಕಡೆ ನೋಡದೆ ಹೇಳಿದೆ: "ಹಾಲು ದೇವರು ಕೊಟ್ಟಿದ್ದು. ಸಹ್ತಿ ನಿನ್ನದು. ಎರಡನ್ನೂ ಬೆರೆಸಬೇಡ."

ಅವಳು ಮತ್ತೆ ಕೇಳಲಿಲ್ಲ.

ಕೊಡದೆ ಹೋದದ್ದಕ್ಕೆ ಅಂದು ಕಾರಣವಾದರೂ ಇತ್ತು. ಆಮೇಲೆ ಹಸುಗಳನ್ನು ಮಾರಿದೆವು. ಲಾರಿ ಹೋಯಿತು, ಕೊಟ್ಟಿಗೆ ತೊಳೆದೆವು, ಕ್ಯಾನುಗಳನ್ನು ಬೋರಲು ಹಾಕಿದೆ. ಕಾರಣ ಹೋಯಿತು, ಕಟ್ಟಳೆ ಉಳಿಯಿತು. ಸೈಮಿ ಆಮೇಲೂ ಪೀಪಾಯಿಯನ್ನೇ ಹೊರಳಿಸಿದಳು. ಸಹ್ತಿಯ ದಿನ ಕೊಟ್ಟಿಗೆಯಿಂದ ಸೌದೆ ತರಬೇಕಾದರೆ, ಬಾಗಿಲ ಬಳಿಯ ನಲ್ಲಿಯಲ್ಲಿ ಮೊಣಕೈವರೆಗೆ ತೊಳೆದುಕೊಂಡೇ ಒಳಗೆ ಹೋಗುತ್ತಿದ್ದಳು. ಒಳಗೆ ಒಂದು ಹಸುವೂ ಇರಲಿಲ್ಲ. ನಾನು ಕಿಟಕಿಯಿಂದ ಅದನ್ನು ಎಷ್ಟೋ ಸಲ ನೋಡಿದ್ದೇನೆ. ಇನ್ನು ಬೇಡ, ಇಗೋ ಕ್ಯಾನು ತೆಗೆದುಕೋ, ಎಂದು ಒಂದು ಮಾತು ಹೇಳಬಹುದಿತ್ತು. ನನಗೆ ಹೊಳೆಯಲೇ ಇಲ್ಲ. ಸಿಟ್ಟಿನಿಂದ ತಡೆದಿದ್ದರೆ ಕ್ಷಮೆ ಕೇಳಬಹುದು. ಮರೆತದ್ದಕ್ಕೆ ಏನೆಂದು ಕೇಳುವುದು.

ಆ ದಿಮ್ಮಿಯ ಮೇಲೆ ನನಗೆ ಅಳು ಬಂದಿದ್ದರೆ ಹಗುರವಾಗುತ್ತಿತ್ತೇನೋ. ಬರಲಿಲ್ಲ. ಕಾಲು ಜೋಮು ಹಿಡಿಯಿತು. ಎದ್ದು ಒಳಗೆ ಹೋದೆ.

ಮಂಗಳವಾರ ಪೀಪಾಯಿಯನ್ನು ಕೆರೆಯಿಂದ ಎತ್ತಿದೆವು. ಎಲ್ಜಾಸ ಹೇಳಿದಂತೆಯೇ ಸಂದುಗಳು ಮುಚ್ಚಿದ್ದವು. ನೀರು ತುಂಬಿ ಒಂದು ಗಂಟೆ ಇಟ್ಟರೂ ತಳದಲ್ಲಿ ಒಂದು ಕಡೆ ತೇವ ಕಂಡಿತೇ ಹೊರತು ಹನಿ ಬೀಳಲಿಲ್ಲ. ಮಾರ್ತಾಳ ಮುಖ ಅರಳಿತು. ಜುನಿಪರ್ ಎಂಬ ಮುಳ್ಳೆಲೆಯ ಘಮದ ಗಿಡದ ಕೊಂಬೆ ಹಾಕಿದ ಕುದಿನೀರಿನಿಂದ ಅದನ್ನು ಮೂರು ಸಲ ತೊಳೆದಳು. ಮೂಗು ಒಳಗಿಟ್ಟು ವಾಸನೆ ನೋಡಿ, "ಏನೂ ಇಲ್ಲ, ಸ್ವಚ್ಛ," ಅಂದಳು. "ನೋಡಿದ್ರಾ ಭಾವ. ಅಕ್ಕನ ಪೀಪಾಯಿ ಅಕ್ಕನ ಮರ್ಯಾದೆ ಉಳಿಸ್ತು."

"ಕ್ಯಾನಿನಲ್ಲಿ ಹಾಕ್ತೀನಿ," ಅಂದೆ.

ಅವಳಿಗೆ ಕೇಳಿಸಲಿಲ್ಲವೆಂದುಕೊಂಡು ಮತ್ತೆ ಹೇಳಿದೆ.

"ಆರು ದಿನ ನನ್ನನ್ನ ಆ ನೀರಲ್ಲಿ ನಿಲ್ಲಿಸಿದ್ಯಲ್ಲೋ ಮಾರಾಯ," ಅಂದ ಎಲ್ಜಾಸ.

"ಒಂದೇ ದಿನ ನಿಂತಿದ್ದು ನೀನು."

"ನನ್ನ ಮಂಡಿಗೆ ಆರು ದಿನ."

ಮಾರ್ತಾ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಅವಳಿಗೆ ನಿಜವಾಗಿ ಕೋಪ ಬಂದಿತ್ತು. "ಐವತ್ತು ವರ್ಷ ಅಕ್ಕ ಮರದಲ್ಲೇ ಮಾಡಿದ್ಲು. ಒಂದ್ಸಲವಾದ್ರೂ ಬೇರೆ ಪಾತ್ರೆ ಬೇಕು ಅಂದ್ಲಾ? ಈಗ ಅವಳು ಕಣ್ಮುಚ್ಚಿ ಒಂದೇ ವಾರ ಆಗಿದೆ."

"ಅಂದಿದ್ಲು," ಅಂದೆ. "ಕ್ಯಾನು ಕೇಳಿದ್ಲು. ನಾನು ಕೊಡಲಿಲ್ಲ."

ಅವಳು ನನ್ನನ್ನೇ ನೋಡಿದಳು. ಕೊಟ್ಟಿಗೆಯ ಕಡೆ ನಡೆದಳು. ಏಳು ಕ್ಯಾನುಗಳನ್ನೂ ಎತ್ತಿ ಒಳಗೆ ಕಣ್ಣಿಟ್ಟು ನೋಡಿ, ನಾಲ್ಕನೆಯದನ್ನು ಆರಿಸಿದಳು. "ಇದಕ್ಕೆ ಗೀರು ಕಮ್ಮಿ," ಅಂದಳು. ಅಷ್ಟೇ. ಸೋಡಾ ಹಾಕಿದ ಬಿಸಿನೀರಿನಿಂದ ನಾನು ಅದನ್ನು ತೊಳೆದೆ. ಆ ಕೆಲಸ ನನಗೆ ಬರುತ್ತದೆ.

ಬುಧವಾರ ಸಹ್ತಿ ಮಾಡಿದೆವು. ಬೆಳಿಗ್ಗೆ ಆರಕ್ಕೇ ಮಾರ್ತಾ ಸೌನಾದ, ನಮ್ಮ ಬಿಸಿಹಬೆಯ ಸ್ನಾನದ ಮನೆಯ, ಹಂಡೆಗೆ ಬೆಂಕಿ ಹಾಕಿದಳು. ಮಾಲ್ಟಿಗೆ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಗಂಟೆಗೊಮ್ಮೆ ಇನ್ನಷ್ಟು ಬಿಸಿ, ಇನ್ನಷ್ಟು ಬಿಸಿ. ನಾನು ಮರದ ಹುಟ್ಟು ಹಾಕಿ ಕಲಕುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಗಂಜಿ ಕಂದುಬಣ್ಣಕ್ಕೆ ತಿರುಗಿ ಜೇನಿನಂತೆ ಘಮಗುಟ್ಟಿತು. ಕೊರೆದ ದಿಮ್ಮಿಯ ಉದ್ದ ದೋಣಿಯ ತಳಕ್ಕೆ ಜುನಿಪರ್ ಕೊಂಬೆ, ಅದರ ಮೇಲೆ ರೈ ಹುಲ್ಲು ಹಾಸಿ, ಗಂಜಿಯನ್ನು ಸುರಿದೆವು. ಇನ್ನೊಂದು ತುದಿಯ ತೂತಿನಿಂದ ಸಿಹಿಯಾದ ರಸ ಬೆರಳಿನಷ್ಟು ಸಣ್ಣ ಧಾರೆಯಾಗಿ ಇಳಿಯಿತು. ತಡವಾಗುತ್ತದೆ ಅದು, ಅವಸರಿಸುವಂತಿಲ್ಲ. ಮಾರ್ತಾ ಮಂಡಿಯೂರಿ ಧಾರೆಯನ್ನೇ ನೋಡುತ್ತಿದ್ದಳು.

"ಅಕ್ಕ ಈ ಹೊತ್ತಿನಲ್ಲಿ ಹಾಡು ಹೇಳ್ತಿದ್ಲು," ಅಂದಳು.

"ಯಾವ ಹಾಡು?"

"ನಿಮಗೆ ಹಿಡಿಸೋ ಹಾಡಲ್ಲ ಬಿಡಿ."

ರಸ ತಣಿದ ಮೇಲೆ ಕ್ಯಾನಿಗೆ ಬಗ್ಗಿಸಿ, ರೊಟ್ಟಿಯ ಯೀಸ್ಟನ್ನು ಲೋಟದಲ್ಲಿ ಕದಡಿ ಹಾಕಿದೆವು. ಮಾರ್ತಾ ಬೆನ್ನು ಹಿಡಿದುಕೊಂಡು ಎದ್ದು ಮನೆಗೆ ಹೊರಟಳು. ನಾನು ಕ್ಯಾನನ್ನು ಸೌನಾದ ಬಟ್ಟೆ ಬದಲಿಸುವ ಕೋಣೆಯಲ್ಲಿಟ್ಟೆ. ರಬ್ಬರಿನ ಬಳೆಯನ್ನು ಸರಿಯಾಗಿ ಕೂರಿಸಿದೆ. ಮುಚ್ಚಳ ಒತ್ತಿದೆ. ಕೊಂಡಿ ಎಳೆದು ಬಿಗಿದೆ. ಅಂಗೈಯಿಂದ ಎರಡು ಸಲ ಗುದ್ದಿ, ಅಲುಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಎಲ್ಜಾಸ ಸಹ್ತಿ ಎದ್ದಿದೆಯೇ ನೋಡೋಣವೆಂದು ಬಂದ. ಸಿರ್ಕಳೂ ಬಂದಿದ್ದಳು, ಅವಳಿಗೆ ಅಂದು ರಜೆ. ಬಾಗಿಲು ತೆರೆದಾಗ ಕೋಣೆಯಲ್ಲಿ ಟಿಕ್, ಟಿಕ್ ಎಂದು ಸದ್ದು. ಕ್ಯಾನಿನ ಮುಚ್ಚಳ ಮಧ್ಯದಲ್ಲಿ ಮೇಲಕ್ಕೆ ಉಬ್ಬಿತ್ತು. ಕೊಂಡಿ ಬಿಗಿದು ನಡುಗುತ್ತಿತ್ತು.

ಎಲ್ಜಾಸ ಹೊಸಿಲಲ್ಲೇ ನಿಂತ.

"ಮುಚ್ಚಳ ಬಿಗಿದಿದ್ದೀಯಾ?"

"ಹೂಂ."

"ಯಾಕೋ? ಅದನ್ನ ಡೈರಿಗೆ ಕಳಿಸಬೇಕು ಅಂತಿದ್ಯಾ?"

"ಹಾಲು ಅಂದ್ಕೊಂಡೆ," ಅಂದೆ.

ಅಂದುಕೊಂಡಿರಲೂ ಇಲ್ಲ. ಕೈ ಅಷ್ಟನ್ನು ತಾನೇ ಮಾಡಿತ್ತು. ದಿನಕ್ಕೆರಡು ಸಲದಂತೆ ಎಷ್ಟೋ ವರ್ಷ, ಲಾರಿಯ ಕುಲುಕಿಗೆ ಒಂದು ಹನಿಯೂ ಚೆಲ್ಲಬಾರದೆಂದು ಬಿಗಿದ ಕೈ ಅದು.

"ಅಪ್ಪ, ಹತ್ತಿರ ಹೋಗ್ಬೇಡಿ," ಅಂದಳು ಸಿರ್ಕ.

ಎಲ್ಜಾಸ ಒಲೆಯ ಕೊಕ್ಕೆಕೋಲು ತಂದ. ಬಾಗಿಲ ಮರೆಯಲ್ಲಿ ನಿಂತು, ಕೈ ಚಾಚಿ, ಕೊಂಡಿಗೆ ಸಿಕ್ಕಿಸಿ ಎಳೆದ. ಮುಚ್ಚಳ ಹಾರಿ ಛಾವಣಿಗೆ ಬಡಿಯಿತು. ಅದರ ಹಿಂದೆ ಕಂದು ನೊರೆ ಕಂಬದಂತೆ ಎದ್ದು, ಛಾವಣಿ ಮುಟ್ಟಿ, ಗೋಡೆಯ ಮೇಲೆ, ಬೆಂಚಿನ ಮೇಲೆ, ಸೈಮಿಯ ಸ್ನಾನದ ಬಟ್ಟೆ ಇನ್ನೂ ನೇತಾಡುತ್ತಿದ್ದ ಗೂಟದ ಮೇಲೆ, ಎಲ್ಜಾಸನ ತಲೆಯ ಮೇಲೆ ಸುರಿಯಿತು. ಬಾಗಿಲ ಮರೆ ಅವನಿಗೆ ಸಾಲದಾಗಿತ್ತು. ಆಮೇಲೂ ಕ್ಯಾನಿನ ಬಾಯಿಯಿಂದ ನೊರೆ ಉಕ್ಕಿ ಉಕ್ಕಿ ನೆಲಕ್ಕಿಳಿಯಿತು. ನಾವು ನೋಡುತ್ತ ನಿಂತೆವು.

ಎಲ್ಜಾಸ ಹುಬ್ಬಿನಿಂದ ನೊರೆ ಒರೆಸಿ ಬೆರಳು ನೆಕ್ಕಿದ.

"ರುಚಿ ಕೂಡ್ತಿದೆ," ಅಂದ.

ಸಿರ್ಕ ನಗತೊಡಗಿದಳು. ನಕ್ಕು ನಕ್ಕು ಬೆಂಚಿನ ಮೇಲೆ, ಆ ಅಂಟಿನ ಮೇಲೇ, ಕುಸಿದು ಕುಳಿತಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಸುರುವಾಯಿತೋ ತಿಳಿಯಲಿಲ್ಲ. "ಅಮ್ಮ ನೋಡಿದ್ದಿದ್ರೆ," ಅಂದಳು. "ಅಮ್ಮ ಇದನ್ನ ನೋಡಿದ್ದಿದ್ರೆ." ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಕೂದಲು ಅಂಟಂಟಾಗಿತ್ತು. ಅವಳ ದುಃಖ ನನಗೆ ಗಾಜಿನಾಚೆ ಕಂಡಂತೆ ಕಾಣುತ್ತಿತ್ತು.

ಕೋಲು ಇಳಿಸಿ ನೋಡಿದೆವು. ಕ್ಯಾನಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ಮತ್ತೆ ಮಾಡೋಣವೆಂದರೆ ಮಾಲ್ಟು ಮುಗಿದಿತ್ತು. ತರಿಸಿ ಮಾಡಿದರೆ ಮಣ್ಣಿನ ಶನಿವಾರಕ್ಕೆ ಹದವಾಗುವುದಿಲ್ಲ. ಸಿರ್ಕ ಮುಖ ತೊಳೆದು ಬಂದು, ಉಳಿದದ್ದನ್ನು ತನ್ನ ಬಕೆಟ್ಟಿಗೆ ಹಾಕೋಣ, ಅದು ಉಕ್ಕುವುದಿಲ್ಲ, ಎಂದಳು. ಅವಳ ಮಾತು ಸರಿಯಾಗಿತ್ತು. ಎಲ್ಜಾಸನೂ ತಲೆಯಾಡಿಸಿದ. ಸುದ್ದಿ ತಿಳಿದು ಬಂದ ಮಾರ್ತಾ ಛಾವಣಿಯನ್ನೂ ನನ್ನನ್ನೂ ನೋಡಿ, "ಅಕ್ಕ ಬರೀ ಬಟ್ಟೆ ಹೊದಿಸ್ತಿದ್ಲು ಭಾವ. ಮುಚ್ಚಳ ಯಾರು ಹಾಕ್ತಾರೆ?" ಎಂದಳು.

"ಕ್ಯಾನಿನಲ್ಲೇ ಇರಲಿ," ಅಂದೆ. "ಬಟ್ಟೆ ಕೊಡು."

ಅವಳು ಒಳಗೆ ಹೋಗಿ ಸೈಮಿಯ ನಾರಿನ ಬಟ್ಟೆ ತಂದು ಕೊಟ್ಟಳು. ನಾನು ಅದನ್ನು ಕ್ಯಾನಿನ ಬಾಯಿಗೆ ಹೊದಿಸಿ ದಾರ ಸುತ್ತಿದೆ. ಮುಚ್ಚಳವನ್ನು ಕೊಟ್ಟಿಗೆಗೆ ಒಯ್ದು, ಕೈಗೆ ಸಿಗದ ಹಾಗೆ ತೊಲೆಯ ಮೇಲಿಟ್ಟೆ. ಎರಡು ದಿನ ಕ್ಯಾನು ಸದ್ದುಮಾಡುತ್ತಿತ್ತು, ಮೂರನೆಯ ದಿನ ನಿಧಾನವಾಯಿತು. ಎಲ್ಜಾಸನೂ ನಾನೂ ಒಂದೊಂದು ಹಿಡಿ ಹಿಡಿದು ನೆಲಮಾಳಿಗೆಗೆ ಇಳಿಸಿದೆವು. ಹಗುರವಾಗಿತ್ತು. ಒಬ್ಬನೇ ಇಳಿಸಬಹುದಿತ್ತು. ಒಬ್ಬಳೇ ಇಳಿಸಬಹುದಿತ್ತು. ಮೆಟ್ಟಿಲ ಮೇಲೆ ನನಗೆ ಅದು ತಿಳಿಯಿತು.

ಮಣ್ಣಿನ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ಮಾರ್ತಾ ಸೌಟಿನಿಂದ ಒಂದು ಗುಟುಕು ತೆಗೆದಳು. ಬಾಯಲ್ಲಿಟ್ಟುಕೊಂಡು ಗೋಡೆ ನೋಡುತ್ತ ನಿಂತಳು. ನಾನು ಕಾದೆ. ಆ ಹದಿನೇಳು ದಿನಗಳಲ್ಲಿ ಎದೆ ಹೊಡೆದುಕೊಳ್ಳುತ್ತಿದೆಯೆಂದು ನನಗೆ ಗೊತ್ತಾದದ್ದು ಆಗ ಮಾತ್ರ.

"ಅಕ್ಕನ ಕೈ ಇಲ್ಲ," ಅಂದಳು. ಇನ್ನೊಂದು ಗುಟುಕು ಕುಡಿದಳು. "ಸ್ವಲ್ಪ ತೆಳು. ಆದ್ರೆ ಕೆಟ್ಟಿಲ್ಲ. ಸಹ್ತಿನೇ ಇದು ಭಾವ. ಕೊಡಬಹುದು."

ಶನಿವಾರ ಮಂಜು ಬಿದ್ದಿತ್ತು. ಆರು ಜನ ಸೇರಿ ಪೆಟ್ಟಿಗೆಯನ್ನು ಇಳಿಸಿದೆವು. ಬಲಗಡೆಯ ಮೊದಲ ಹಗ್ಗ ನನ್ನದು. ಅಂಗೈಗೆ ಹಗ್ಗ ಉಜ್ಜಿದ್ದು ಗೊತ್ತಾಯಿತು. ಪಾದ್ರಿಗಳು ಮೂರು ಸಲ ಮಣ್ಣು ಹಾಕಿದರು. ಜನ ತಾವು ತಂದ ಹೂವಿಗೆ ಕಟ್ಟಿದ ಚೀಟಿಯ ಸಾಲುಗಳನ್ನು ಓದಿದರು, ನಾನು ಪ್ರತಿಯೊಬ್ಬರ ಕೈ ಹಿಡಿದೆ. ಆಮೇಲೆ ಎಲ್ಲರೂ ಮನೆಗೆ ಬಂದರು. ದೊಡ್ಡ ಕೋಣೆಯಲ್ಲಿ ಉದ್ದ ಮೇಜು, ಸಾರು, ಕ್ಯಾರೆಟ್ಟಿನ ತಟ್ಟೆ, ಕಾಫಿ. ಸಿರ್ಕ ಮರದ ಹಿಡಿಯ ದೊಡ್ಡ ಲೋಟವನ್ನು ನೆಲಮಾಳಿಗೆಯಿಂದ ತುಂಬಿ ತಂದು ನನ್ನ ಮುಂದಿಟ್ಟಳು. ಮನೆಯವನು ಮೊದಲು ಕುಡಿದು ಪಕ್ಕಕ್ಕೆ ದಾಟಿಸಬೇಕು. ನಲವತ್ತು ಜನಕ್ಕೆ ಆಗುವಷ್ಟೇ ಇತ್ತು, ತಲೆಗೆ ಅರ್ಧ ಲೀಟರಿನಷ್ಟು.

ಕುಡಿದೆ. ಸಿಹಿಯಾಗಿತ್ತು, ಹಿಂದೆ ಜುನಿಪರಿನ ಕಹಿ. ಅವಳು ಮಾಡುತ್ತಿದ್ದುದು ಇದಲ್ಲ. ಲೋಟವನ್ನು ಎಲ್ಜಾಸನಿಗೆ ಕೊಟ್ಟೆ. ಅವನು ಕುಡಿದು, ಮೀಸೆ ಒರೆಸಿ, ಒಂದೂ ಕುಚೋದ್ಯದ ಮಾತಾಡದೆ ಮುಂದಕ್ಕೆ ಕೊಟ್ಟ. ಲೋಟ ಮೇಜಿನ ಸುತ್ತ ಹೋಯಿತು. ಬರಿದಾದಾಗ ಸಿರ್ಕ ಮತ್ತೆ ತುಂಬಿದಳು. ಯಾರೂ ಹೊಗಳಲಿಲ್ಲ, ಯಾರೂ ಮುಖ ಕಿವುಚಲಿಲ್ಲ. ಕಡೆಯ ತುದಿಯಲ್ಲಿದ್ದ ಮುದುಕಿಯೊಬ್ಬಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಒಳಗೆ ಇಣುಕಿ, "ಇನ್ನಿದೆಯಾ?" ಅಂತ ಕೇಳಿದಳು.

"ಇದೆ," ಅಂದೆ. "ಕುಡೀರಿ."

ಎಲ್ಲರೂ ಕುಡಿದ ಮೇಲೆ ಮನೆಯವನು ಎದ್ದು ಮಾತು ಹೇಳುವುದು ರೂಢಿ. ಉಪದೇಶ ಓದಿದ ಬಾಯಿ ನನ್ನದು. ಎಷ್ಟೋ ಮನೆಗಳಲ್ಲಿ, ಎಷ್ಟೋ ಜನರ ಸಲುವಾಗಿ ಇದನ್ನು ಮಾಡಿದ್ದೇನೆ. ಅಂದು ಎದ್ದು ನಿಂತಾಗ ಆ ಯಾವ ಮಾತೂ ಬರಲಿಲ್ಲ. ಸತ್ತವರಿಗಾಗಿ ಬೇಡುವ ಪದ್ಧತಿ ನಮ್ಮ ಸಭೆಯಲ್ಲಿಲ್ಲ. ಅವರು ದೇವರ ಕೈಯಲ್ಲಿದ್ದಾರೆ, ನಮ್ಮ ಮಾತು ಅಲ್ಲಿಗೆ ಬೇಕಿಲ್ಲ ಎಂದೇ ನಾನೂ ಇತರರಿಗೆ ಹೇಳಿದವನು. ಪಾದ್ರಿಗಳು ಎದುರಿಗೇ ಕುಳಿತಿದ್ದರು. ನಾನು ಮೇಜಿನ ಅಂಚು ಹಿಡಿದುಕೊಂಡು ತಲೆ ಬಗ್ಗಿಸಿದೆ. ಜನರೂ ತಲೆ ಬಗ್ಗಿಸಿದರು. ಹೇಳಿದ್ದು ಇಷ್ಟೇ:

ಕರ್ತನೇ, ನಿನ್ನ ದಾಸಿ ಸೈಮಿ ನಿನ್ನ ಬಳಿಗೆ ಬಂದಿದ್ದಾಳೆ. ಅವಳು ಬಹಳ ಬೇಡುವವಳಲ್ಲ, ಒಂದು ಸಲ ಕೇಳಿ ಸುಮ್ಮನಾಗುವವಳು. ಆದ್ದರಿಂದ ಅವಳು ಕೇಳಲಿ ಎಂದು ಕಾಯಬೇಡ. ನಾನು ಕೊಡದೆ ಹೋದದ್ದನ್ನೆಲ್ಲ ನೀನು ಕೊಡು. ಅವಳ ಬೆನ್ನಿನ ಭಾರವನ್ನು ಇಳಿಸು. ಅವಳ ಕೈಗಳಿಗೆ ವಿರಾಮ ಕೊಡು, ಅವಳ ಕಣ್ಣಿಗೆ ನಿನ್ನ ಬೆಳಕನ್ನು ಕೊಡು. ಅವಳು ಶಾಂತಿಯಿಂದ ಮಲಗಲಿ, ನೀನು ಕರೆದಾಗ ಸಂತೋಷದಿಂದ ಏಳಲಿ. ಆಮೆನ್.